ತುಂಬಿದ ಕಡತ, ತಪ್ಪಿದ ಲೆಕ್ಕ

'ಕಡತ' ಎಂಬುದು ನಮ್ಮ ಹಳೆಯ ಮಾತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ಆ ಹೆಸರು. ಮಠದ ಆಯವ್ಯಯ, ವರ್ತಕನ ಲೇವಾದೇವಿ, ಶಾನುಭೋಗರ ಲೆಕ್ಕ ಎಲ್ಲವೂ ಕಡತಕ್ಕೇರುತ್ತಿದ್ದುವು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಕರವಾಗಿವೆ. ಗಣಕಯಂತ್ರದೊಳಗಿನ ಫೈಲಿಗೂ ಈಗ ಕನ್ನಡಿಗರು ಅದೇ ಹೆಸರನ್ನಿಟ್ಟಿದ್ದಾರೆ. ಇಟ್ಟವರು ಯಾರಾದರೂ ಆಗಲಿ, ಮಾತು ಚೆನ್ನಾಗಿ ಒಪ್ಪಿದೆ. ಆದರೆ ಹಳೆಯ ಕಡತಕ್ಕೂ ಹೊಸ ಕಡತಕ್ಕೂ ಒಂದು ಭೇದವುಂಟು. ಹಳೆಯದು ತುಂಬಿದರೆ ಬರೆಯುವವನ ಕಣ್ಣಿಗೆ ಕಾಣುತ್ತಿತ್ತು. ಆತ ಮತ್ತೊಂದನ್ನು ತೆಗೆದುಕೊಳ್ಳುತ್ತಿದ್ದ. ಹೊಸದರಲ್ಲಾದರೋ, ಬರೆಯುವ ಸ್ಥಳ ಇನ್ನೂ ಬೇಕಾದಷ್ಟು ಉಳಿದಿರುವಾಗಲೇ, 'ಎಷ್ಟು ಬರೆದಿದೆ' ಎಂದು ಗುರುತು ಹಾಕುವ ಲೆಕ್ಕದ ಮನೆ ತುಂಬಿಹೋಗುವುದುಂಟು. ತುಂಬಿದ್ದು ಯಾರಿಗೂ ತಿಳಿಯುವುದಿಲ್ಲ. ಈ ತೊಡಕು ಹೇಗೆ ಬಂದಿತು, ಬಲ್ಲವರು ಅದನ್ನು ಹೇಗೆ ಬಿಡಿಸಿದರು ಎಂಬುದು ಸುಮಾರು ಐವತ್ತು ವರ್ಷಗಳ ಕಥೆ.

ಒಂದು ಉದಾಹರಣೆಯಿಂದ ತೊಡಗೋಣ. ಕರಾವಳಿಯ ಒಂದೂರಿನಲ್ಲಿ ಇರುಳಿಡೀ ನಡೆದ ಬಯಲಾಟವನ್ನು, ಮೊದಲ ಚೆಂಡೆಯಿಂದ ಬೆಳಗಿನ ಮಂಗಳದವರೆಗೆ, ಆಸಕ್ತರೊಬ್ಬರು ಧ್ವನಿಮುದ್ರಿಸಿಕೊಂಡರೆಂದು ಭಾವಿಸಿ. ಎಂಟು ಗಂಟೆಗಳ ಆಟ. ಕಾಂಪ್ಯಾಕ್ಟ್ ಡಿಸ್ಕಿನ ಮಟ್ಟದ ಧ್ವನಿಯಾದರೆ ಪ್ರತಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆಯಬೇಕು; ಒಂದೊಂದು ಅಳತೆಗೆ ಎರಡು ಬೈಟು; ಎಡಗಿವಿ ಬಲಗಿವಿ ಎಂದು ಎರಡು ಸಾಲು. ಅಂತೂ ಸೆಕೆಂಡಿಗೆ 1,76,400 ಬೈಟು. ಎಂಟು ಗಂಟೆಗೆ 508 ಕೋಟಿ 3 ಲಕ್ಷದ 20 ಸಾವಿರ ಬೈಟು ಆಗುತ್ತದೆ. ಇಷ್ಟನ್ನೂ 'ವೇವ್' ಎಂಬ ಮಾದರಿಯ ಒಂದೇ ಕಡತದಲ್ಲಿ ಇಟ್ಟರೆನ್ನಿ. ಮಾರನೆಯ ದಿನ ತೆರೆದು ನೋಡಿದರೆ, ಯಂತ್ರವು 'ಒಂದು ಗಂಟೆ ಹದಿನಾಲ್ಕು ನಿಮಿಷ ಹನ್ನೆರಡು ಸೆಕೆಂಡು' ಎಂದು ತೋರಿಸಿ ಅಲ್ಲಿಗೆ ನಿಂತುಬಿಡಬಹುದು! ಪ್ರಸಂಗ ಆರಂಭವಾಗುವ ಹೊತ್ತಿಗೇ ಆಟ ಮುಗಿದಂತೆ. ಉಳಿದ ಆರೂ ಮುಕ್ಕಾಲು ಗಂಟೆಯ ಪದ, ಮಾತು, ಚೆಂಡೆ, ಮದ್ದಳೆಗಳೆಲ್ಲ ಎಲ್ಲಿ ಹೋದುವು?

ಎಲ್ಲಿಯೂ ಹೋಗಿಲ್ಲ. ಡಿಸ್ಕಿನ ಮೇಲೆ ಕೊನೆಯ ಮಂಗಳದವರೆಗೂ ಎಲ್ಲವೂ ಇದೆ. ತಪ್ಪಿರುವುದು ಕಡತದ ನೆತ್ತಿಯಲ್ಲಿ ಬರೆದ ಒಂದು ಸಂಖ್ಯೆ ಮಾತ್ರ. ಮೈಕ್ರೋಸಾಫ್ಟ್ ಮತ್ತು ಐ.ಬಿ.ಎಂ. ಕಂಪನಿಗಳು 1991ರಲ್ಲಿ ಈ ವೇವ್ ಮಾದರಿಯನ್ನು ಗೊತ್ತುಮಾಡಿದಾಗ, 'ಮುಂದೆ ಇಷ್ಟು ಬೈಟುಗಳಿವೆ' ಎಂದು ಬರೆಯಲು ನಾಲ್ಕು ಬೈಟುಗಳ, ಎಂದರೆ 32 ಬಿಟ್‌ಗಳ, ಮನೆಯೊಂದನ್ನು ಕಟ್ಟಿದರು. ಆ ಮನೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295. ನಮ್ಮ ಬಯಲಾಟ ಅದನ್ನು ಮೀರಿತು. ಮೀರಿದ ಭಾಗ, ಎಂದರೆ 78 ಕೋಟಿ ಚಿಲ್ಲರೆ, ಮಾತ್ರ ಮನೆಯಲ್ಲಿ ಉಳಿಯಿತು. ಆ 78 ಕೋಟಿ ಚಿಲ್ಲರೆಯನ್ನು 1,76,400ರಿಂದ ಭಾಗಿಸಿ ನೋಡಿ. ಒಂದು ಗಂಟೆ ಹದಿನಾಲ್ಕು ನಿಮಿಷದ ರಹಸ್ಯ ಹೊರಬೀಳುತ್ತದೆ.

ಇದನ್ನು ತಿಳಿಯಲು ದೊಡ್ಡ ಗಣಿತವೇನೂ ಬೇಡ. ಚಕ್ರಗಳು ತಿರುಗುವ ಹಳೆಯ ಮಾದರಿಯ ವಿದ್ಯುತ್ ಮೀಟರನ್ನು ನೋಡಿದವರಿಗೆ ಗೊತ್ತು. ಐದು ಚಕ್ರಗಳಿದ್ದರೆ 99999 ಆದ ಮೇಲೆ ಮತ್ತೆ 00000. ಆರನೆಯ ಚಕ್ರವಿಲ್ಲದ ಕಾರಣ ದಶಕವನ್ನು ಹೊರುವವರಿಲ್ಲ. ಇನ್ನೂ ಒಂದು ಚಮತ್ಕಾರವುಂಟು. ಇದೇ ಮೀಟರನ್ನು 00000ದಿಂದ ಒಂದು ಹಲ್ಲು ಹಿಂದಕ್ಕೆ ತಿರುಗಿಸಿದರೆ 99999 ಬರುತ್ತದೆಯಷ್ಟೆ? ಆದ್ದರಿಂದ 99999ನ್ನು ಋಣ ಒಂದು, 99998ನ್ನು ಋಣ ಎರಡು ಎಂದು ಒಪ್ಪಂದ ಮಾಡಿಕೊಳ್ಳಬಹುದು. ಹೀಗೆ ಅರ್ಧ ಸಂಖ್ಯೆಗಳನ್ನು ಋಣಕ್ಕೆ ಬಿಟ್ಟುಕೊಟ್ಟರೆ, 49999 ಆದ ಮೇಲೆ ಇನ್ನೊಂದು ಹಲ್ಲು ತಿರುಗಿದೊಡನೆ ನಾವು ಋಣ 50000ಕ್ಕೆ ಬಂದು ಬೀಳುತ್ತೇವೆ. ಗಣಕಯಂತ್ರಗಳು ಋಣಸಂಖ್ಯೆಯನ್ನು ಇಟ್ಟುಕೊಳ್ಳುವುದು ಈ ಬಗೆಯಲ್ಲೇ. 32 ಬಿಟ್‌ಗಳ ಚಕ್ರದಲ್ಲಿ ಋಣಕ್ಕೂ ಜಾಗ ಕೊಟ್ಟರೆ ಧನಸಂಖ್ಯೆಯ ಗಡಿ 214 ಕೋಟಿ 74 ಲಕ್ಷ 83 ಸಾವಿರದ 647ಕ್ಕೆ ನಿಲ್ಲುತ್ತದೆ. ಅದರ ಮುಂದಿನ ಹೆಜ್ಜೆ ಪಾತಾಳ. 2014ರ ಡಿಸೆಂಬರಿನಲ್ಲಿ ಯೂಟ್ಯೂಬಿನಲ್ಲಿ ಒಂದು ಕೊರಿಯಾ ದೇಶದ ಹಾಡನ್ನು ನೋಡಿದವರ ಎಣಿಕೆ ಈ ಗಡಿಯನ್ನು ದಾಟಿತೆಂದು ಪತ್ರಿಕೆಗಳೆಲ್ಲ ಬರೆದುವು; ಎಣಿಕೆಯ ಮನೆಯನ್ನು 64 ಬಿಟ್‌ಗೆ ಹಿಗ್ಗಿಸಬೇಕಾಯಿತು.

ಕಡತಗಳಿಗೆ ಈ ಗಡಿ ಬಂದುದು ಎಲ್ಲಿಂದ? 1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 'ಯೂನಿಕ್ಸ್' ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಗಣಕಯಂತ್ರದ ಮನೆವಾರ್ತೆಯನ್ನೆಲ್ಲ ನೋಡಿಕೊಳ್ಳುವ ವ್ಯವಸ್ಥೆ ಅದು. ಅದು ಬೆಳೆದ ಪಿ.ಡಿ.ಪಿ.-11 ಯಂತ್ರದ ಲೆಕ್ಕದ ಮನೆ ಬರೇ 16 ಬಿಟ್. ಅತಿ ದೊಡ್ಡ ಸಂಖ್ಯೆ 65,535. ಕಡತದ ನಡುವೆ ಇಂಥ ಸ್ಥಳಕ್ಕೆ ಹೋಗು ಎಂದು ಅಪ್ಪಣೆ ಮಾಡುವ 'ಸೀಕ್' ಎಂಬ ಕರೆಗೆ ಅಷ್ಟೇ ದೊಡ್ಡ ಸಂಖ್ಯೆಯನ್ನು ಕೊಡಬಹುದಾಗಿತ್ತು. ಅದಕ್ಕೂ ಅವರು ಉಪಾಯ ಹೂಡಿದ್ದರು. ಬೇಕಾದರೆ ಸಂಖ್ಯೆಯನ್ನು 512ರಿಂದ ಗುಣಿಸಿಕೋ ಎಂದು ಒಂದು ಗುರುತನ್ನು ಜೊತೆಗೆ ಕಳುಹಿಸುವುದು. ಸೇರಿನಲ್ಲಿ ಅಳೆಯಲಾರದ್ದನ್ನು ಪಲ್ಲದಲ್ಲಿ ಅಳೆದಂತೆ. 1979ರಲ್ಲಿ ಹೊರಬಿದ್ದ ಏಳನೆಯ ಆವೃತ್ತಿಯಲ್ಲಿ ಈ ತೇಪೆಯನ್ನು ಕಿತ್ತು 32 ಬಿಟ್‌ಗಳ ಸಂಖ್ಯೆಯನ್ನೇ ಕೊಟ್ಟರು. ಕರೆಯ ಹೆಸರು 'ಎಲ್‌ಸೀಕ್' ಆಯಿತು. ಆ 'ಎಲ್' ಎಂದರೆ 'ಲಾಂಗ್', ದೀರ್ಘ ಎಂದರ್ಥ. ವ್ಯಾಕರಣ ಪಾಠ ಹೇಳುವ ನನ್ನಂಥವನಿಗೆ ಇದು ಬಹು ಸೊಗಸಾಗಿ ತೋರುತ್ತದೆ: ಹ್ರಸ್ವ ಸಾಲದೆ ದೀರ್ಘ ಬಂದಿತು, ಮುಂದೆ ಆ ದೀರ್ಘವೂ ಹ್ರಸ್ವವಾಗಿಹೋಯಿತು.

ಕಡತದಲ್ಲಿ ಹಿಂದಕ್ಕೂ ಹೋಗಬೇಕಾಗುವುದರಿಂದ ಋಣಸಂಖ್ಯೆ ಬೇಕು. ಕೆಲಸ ಕೆಟ್ಟರೆ 'ಋಣ ಒಂದು' ಎಂಬ ಉತ್ತರ ಬರುವುದು ಅಲ್ಲಿನ ಸಂಪ್ರದಾಯ. ಈ ಎರಡು ಕಾರಣಗಳಿಂದ ಸಂಖ್ಯೆಗಳ ಅರ್ಧರಾಜ್ಯ ಋಣಕ್ಕೆ ಹೋಯಿತು. ಉಳಿದುದು 214 ಕೋಟಿ ಬೈಟು, ಎಂದರೆ ಎರಡು ಗಿಗಾಬೈಟಿನ ಗಡಿ. ಇದಕ್ಕಾಗಿ ಆ ಹಿರಿಯರನ್ನು ಮುಂದಾಲೋಚನೆ ಇಲ್ಲದವರೆಂದು ಹಳಿಯುವವರನ್ನು ಕೇಳಿದ್ದೇನೆ. ನನಗೇನೋ ಅದು ನ್ಯಾಯವೆಂದು ತೋರುವುದಿಲ್ಲ. ಅವರು ಬಳಸುತ್ತಿದ್ದ ಒಂದು ಡಿಸ್ಕಿನಲ್ಲಿ ಸುಮಾರು 25 ಲಕ್ಷ ಬೈಟು ಹಿಡಿಸುತ್ತಿತ್ತು. ಎಂಟುನೂರೈವತ್ತು ಡಿಸ್ಕುಗಳನ್ನು ಒಟ್ಟಿದರೂ ತುಂಬದ ಕಣಜವನ್ನು ಅವರು ಕಟ್ಟಿಟ್ಟಿದ್ದರು. ಒಂದೊಂದು ಬೈಟನ್ನೂ ಎಣಿಸಿ ಖರ್ಚು ಮಾಡಬೇಕಾದ ಬಡತನದಲ್ಲಿ ಇದಕ್ಕಿಂತ ಔದಾರ್ಯ ಸಾಧ್ಯವಿತ್ತೆ?

ಆದರೆ ಕಣಜ ತುಂಬಿತು. 1990ರ ದಶಕದ ನಡುವಿನ ಹೊತ್ತಿಗೆ ಬ್ಯಾಂಕುಗಳ ಲೆಕ್ಕ, ಚಲನಚಿತ್ರ, ಉಪಗ್ರಹಗಳಿಂದ ಬಂದ ಚಿತ್ರ ಎಲ್ಲವೂ ಎರಡು ಗಿಗಾಬೈಟಿನ ಗಡಿಯನ್ನು ಒತ್ತತೊಡಗಿದುವು. 'ಮನೆಯನ್ನು 64 ಬಿಟ್‌ಗೆ ಹಿಗ್ಗಿಸಿದರೆ ಸರಿ' ಎಂದು ಹೇಳುವುದು ಸುಲಭ. ಎಲ್ಲರೂ ಈಗಾಗಲೇ ಕೊಂಡು ಬಳಸುತ್ತಿರುವ ಸಾವಿರಾರು ಕ್ರಮವಿಧಿಗಳ, ಎಂದರೆ ಪ್ರೋಗ್ರಾಮುಗಳ, ಗತಿ ಏನು? ಅವುಗಳಲ್ಲಿ ಉತ್ತರ ಪಡೆಯಲು ನಾಲ್ಕು ಬೈಟಿನ ಪಾತ್ರೆ ಇಟ್ಟುಕೊಂಡಿರುತ್ತಾರೆ. ವ್ಯವಸ್ಥೆಯು ಇದ್ದಕ್ಕಿದ್ದಂತೆ ಎಂಟು ಬೈಟು ಸುರಿದರೆ ಪಕ್ಕದ ಪಾತ್ರೆಯ ಪದಾರ್ಥವೂ ಕೆಟ್ಟುಹೋಗುತ್ತದೆ. ಯೂನಿಕ್ಸ್ ಯಂತ್ರಗಳನ್ನು ಮಾರುವ ಕಂಪನಿಗಳು ವ್ಯಾಪಾರದಲ್ಲಿ ಒಂದಕ್ಕೊಂದು ಪ್ರತಿಸ್ಪರ್ಧಿಗಳು. ಆದರೂ ಈ ಒಂದು ಕಾರ್ಯಕ್ಕೆ ಅವುಗಳ ತಜ್ಞರು ಕೂಡಿ ಕುಳಿತು, 1996ರ ಮಾರ್ಚಿನಲ್ಲಿ ಒಂದು ಒಪ್ಪಂದವನ್ನು ಬರೆದರು. 'ಲಾರ್ಜ್ ಫೈಲ್ ಸಮ್ಮಿಟ್', ಎಂದರೆ ದೊಡ್ಡ ಕಡತಗಳ ಸಭೆ, ಎಂದು ಅದಕ್ಕೆ ಹೆಸರು.

ಅವರು ಹಳೆಯ ಬಾಗಿಲನ್ನು ಮುಚ್ಚದೆ, ಪಕ್ಕದಲ್ಲಿ ಅಗಲವಾದ ಹೊಸ ಬಾಗಿಲನ್ನಿಟ್ಟರು. 'ಎಲ್‌ಸೀಕ್' ಹಾಗೆಯೇ ಇರಲಿ, 'ಎಲ್‌ಸೀಕ್64' ಹೊಸದಾಗಿ ಬರಲಿ. ಕ್ರಮವಿಧಿಯ ಮೂಲ ಬರಹ ಕೈಯಲ್ಲಿರುವವರು ಒಂದು ಸೂಚನೆಯನ್ನು ಕೊಟ್ಟು ಮರಳಿ ಸಿದ್ಧಪಡಿಸಿಕೊಂಡರೆ, ಹಳೆಯ ಹೆಸರೇ ಹೊಸ ಬಾಗಿಲಿಗೆ ದಾರಿ ತೋರಲಿ. ಇದಿಷ್ಟು ಚಾತುರ್ಯದ ಮಾತಾಯಿತು. ನನ್ನ ಮನಸ್ಸಿಗೆ ಹಿಡಿದದ್ದು ಮೂರನೆಯ ನಿಯಮ. ಹಳೆಯ ಕ್ರಮವಿಧಿಯೊಂದು ಗೊತ್ತಿಲ್ಲದೆ ದೊಡ್ಡ ಕಡತವನ್ನು ತೆರೆಯಬಂದರೆ ಏನು ಮಾಡಬೇಕು? ಗಾತ್ರವನ್ನು ಕತ್ತರಿಸಿ ಒಂದು ಸುಳ್ಳು ಸಂಖ್ಯೆಯನ್ನು ಕೊಟ್ಟು ಕಳುಹಿಸಬಹುದಾಗಿತ್ತು. ಆ ಕ್ರಮವಿಧಿ ಅದನ್ನು ನಂಬಿ, ತಪ್ಪಾದ ಜಾಗದಲ್ಲಿ ಬರೆದು, ಒಳ್ಳೆಯ ಲೆಕ್ಕವನ್ನು ಅಳಿಸಿಬಿಡುತ್ತಿತ್ತು. ಸಭೆಯವರು ಹಾಗಾಗಗೊಡಲಿಲ್ಲ. ತೆರೆಯಲು ಬಂದವನಿಗೆ 'ಈ ಮೌಲ್ಯ ನಿನ್ನ ಮನೆಗೆ ದೊಡ್ಡದು' ಎಂದು ಹೇಳಿ ಬಾಗಿಲಲ್ಲೇ ನಿಲ್ಲಿಸತಕ್ಕದ್ದು. ಗಡಿಯಾಚೆಗೆ ಬರೆಯಹೊರಟರೆ 'ಕಡತ ಅತಿ ದೊಡ್ಡದಾಯಿತು' ಎಂದು ತಡೆಯತಕ್ಕದ್ದು. ಕೆಲಸ ನಿಂತಿತೆಂದು ಬಳಸುವವರು ಸಿಡಿಮಿಡಿಗೊಂಡರು, ನಿಜ. ಆದರೆ ಅವರ ಲೆಕ್ಕ ಉಳಿಯಿತು.

ಒಪ್ಪಂದವು ಕಾಗದದಿಂದ ಯಂತ್ರಕ್ಕೆ ಇಳಿಯಲು ಬಹಳ ಕಾಲ ಹಿಡಿಯಿತು. ಲಿನಕ್ಸ್ ವ್ಯವಸ್ಥೆಯ ತಿರುಳಿಗೆ 2001ರ ಜನವರಿಯ 2.4ನೆಯ ಆವೃತ್ತಿಯಲ್ಲಿ ಈ ಸೌಕರ್ಯ ಬಂದಿತು. ಜಾಲತಾಣಗಳನ್ನು ಬಡಿಸುವ ಹೆಸರಾಂತ ಅಪಾಚೆ ತಂತ್ರಾಂಶವು 32 ಬಿಟ್ ಯಂತ್ರಗಳ ಮೇಲೆ ಎರಡು ಗಿಗಾಬೈಟನ್ನು ಮೀರಿದ ಕಡತವನ್ನು ಬಡಿಸಲು ಕಲಿತದ್ದು 2005ರ ಕೊನೆಗೆ. ಇನ್ನು ವಿನೋದವೆಂದರೆ, ಒಪ್ಪಂದವಾದ ಅದೇ 1996ರಲ್ಲಿ ಮೈಕ್ರೋಸಾಫ್ಟಿನವರು ಡಿಸ್ಕುಗಳಿಗಾಗಿ 'ಫ್ಯಾಟ್32' ಎಂಬ ಹೊಸ ಏರ್ಪಾಟನ್ನು ಹೊರತಂದು, ಕಡತದ ಗಾತ್ರಕ್ಕೆ ಮತ್ತೆ 32 ಬಿಟ್‌ಗಳ ಮನೆಯನ್ನೇ ಕಟ್ಟಿದರು. ಮೂವತ್ತೆರಡು ಗಿಗಾಬೈಟಿನ ಪೆನ್‌ಡ್ರೈವ್ ಖಾಲಿ ಇದ್ದರೂ ಐದು ಗಿಗಾಬೈಟಿನ ಮದುವೆಯ ವಿಡಿಯೋ ಒಂದು ಅದರೊಳಗೆ ಹೋಗಲೊಲ್ಲದೆ ಹಠ ಮಾಡುವುದನ್ನು ಎಷ್ಟೋ ಮನೆಗಳಲ್ಲಿ ನೋಡಿರಬಹುದು. ಆ ಹಠದ ಮೂಲ ಇಲ್ಲಿದೆ.

ಬಾಗಿಲು ಅಗಲವಾದರೆ ಸಾಕೆ? ಒಳಗಿನ ಹಾದಿಯುದ್ದಕ್ಕೂ ಸಂಖ್ಯೆ ಹಾದುಹೋಗುವ ಪ್ರತಿಯೊಂದು ಕಿರುಬಾಗಿಲೂ ಅಗಲವಾಗಬೇಕು. ಈ ವಿಷಯದಲ್ಲಿ ಪಳಗಿದವರೂ ಎಡವುವ ಒಂದು ಸ್ಥಳವನ್ನು ಹೇಳುತ್ತೇನೆ. ಒಂದು ದೊಡ್ಡ ಚಿತ್ರದ ಅಗಲ 50,000 ಚುಕ್ಕೆ, ಎತ್ತರ 50,000 ಚುಕ್ಕೆ. ಎರಡನ್ನೂ ಗುಣಿಸಿದರೆ 250 ಕೋಟಿ. ಉತ್ತರವನ್ನಿಡಲು 64 ಬಿಟ್‌ಗಳ ಹಂಡೆಯನ್ನು ಸಿದ್ಧವಾಗಿ ಇಟ್ಟಿದ್ದಾರೆ. ಆದರೂ ಹಂಡೆಯಲ್ಲಿ ಋಣಸಂಖ್ಯೆ ಬಂದು ಕೂತಿರುತ್ತದೆ. ಏಕೆಂದರೆ ಗುಣಾಕಾರ ನಡೆದುದು 32 ಬಿಟ್‌ಗಳ ಚೊಂಬಿನಲ್ಲಿ. ಅಲ್ಲಿಯೇ ತುಳುಕಿ ಕೆಟ್ಟದ್ದನ್ನು ಆಮೇಲೆ ಹಂಡೆಗೆ ಸುರಿದರು. ಗುಣಿಸುವುದಕ್ಕೆ ಮೊದಲೇ ಒಂದು ಸಂಖ್ಯೆಯನ್ನಾದರೂ ಹಂಡೆಗೆ ಹಾಕಿಕೊಂಡು, ಬಳಿಕ ಗುಣಿಸಬೇಕು. ಹಾಗೆಯೇ ತುಂಬಿತೋ ಇಲ್ಲವೋ ಎಂದು ಪರೀಕ್ಷಿಸುವವರು 'ಕೂಡಿ ನೋಡಿ, ಗಡಿಯನ್ನು ದಾಟಿದೆಯೋ' ಎಂದು ಕೇಳುತ್ತಾರೆ. ಕೂಡಿದ ಮೇಲೆ ಕೇಳಿ ಫಲವಿಲ್ಲ. ಅಷ್ಟರಲ್ಲೇ ಚಕ್ರ ತಿರುಗಿ ಸೊನ್ನೆಗೆ ಬಂದಿರುತ್ತದೆ. ಗಡಿಯಿಂದ ಒಂದನ್ನು ಕಳೆದು, ಉಳಿದ ಜಾಗದಲ್ಲಿ ಇನ್ನೊಂದು ಹಿಡಿಸುವುದೇ ಎಂದು ಮೊದಲೇ ಕೇಳಬೇಕು. ತರಗತಿಯಲ್ಲಿ ಹುಡುಗರಿಗೆ ಹೇಳಬಹುದಾದಷ್ಟು ಸರಳವಾದ ಮಾತು. ಆದರೂ ವರ್ಷಗಟ್ಟಲೆ ಎಷ್ಟೋ ಕ್ರಮವಿಧಿಗಳಲ್ಲಿ ಇದು ತಪ್ಪಿದೆ.

ವಿದ್ವಾಂಸರೂ ತಪ್ಪಿದ್ದಕ್ಕೆ ಪ್ರಸಿದ್ಧ ನಿದರ್ಶನವಿದೆ. 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನಲ್ಲಿ ಒಂದು ಪದವನ್ನು ಹೇಗೆ ಹುಡುಕುತ್ತೇವೆ? ನಡುವೆ ತೆರೆದು, ಪದ ಮುಂದಿದೆಯೋ ಹಿಂದಿದೆಯೋ ನೋಡಿ, ಆ ಅರ್ಧದ ನಡುವನ್ನು ಮತ್ತೆ ತೆರೆಯುತ್ತೇವೆ. ಗಣಕಯಂತ್ರವೂ ಹೀಗೆಯೇ ಹುಡುಕುತ್ತದೆ. ನಡುವಣ ಪುಟವನ್ನು ಕಾಣಲು ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಕೂಡಿ ಎರಡರಿಂದ ಭಾಗಿಸುವುದು ಎಲ್ಲರೂ ಬಲ್ಲ ಲೆಕ್ಕ. ಜೋಶುವಾ ಬ್ಲಾಕ್ ಎಂಬವರು ಜಾವಾ ಭಾಷೆಯ ಭಂಡಾರಕ್ಕೆ ಹಾಗೆಯೇ ಬರೆದುಕೊಟ್ಟಿದ್ದರು. ಸುಮಾರು ಒಂಬತ್ತು ವರ್ಷ ಅದು ನಿರ್ದುಷ್ಟವೆಂದೇ ಎಲ್ಲರೂ ನಂಬಿದ್ದರು. ಮೊದಲ ಪುಟ 150 ಕೋಟಿ, ಕೊನೆಯದು 170 ಕೋಟಿ ಎಂದಾದರೆ ಮೊತ್ತ 320 ಕೋಟಿ; ಚಕ್ರ ತಿರುಗಿ, ನಡುವಣ ಪುಟ 'ಋಣ 54 ಕೋಟಿ 74 ಲಕ್ಷ 83 ಸಾವಿರದ 648' ಎಂದಾಗುತ್ತದೆ! ಅಂಥ ಪುಟ ಯಾವ ನಿಘಂಟಿನಲ್ಲಿದೆ? 2006ರಲ್ಲಿ ಬ್ಲಾಕ್ ಅವರು ಈ ದೋಷವನ್ನು ತಾವಾಗಿಯೇ ಬಹಿರಂಗವಾಗಿ ಬರೆದು ತಿಳಿಸಿದರು. ಜಾನ್ ಬೆಂಟ್ಲಿಯವರು 1986ರ ತಮ್ಮ ಪುಸ್ತಕದಲ್ಲಿ ಸರಿಯೆಂದು ಸಾಧಿಸಿ ತೋರಿಸಿದ್ದ ಪಾಠದಲ್ಲೂ ಅದೇ ದೋಷವಿದೆಯೆಂದೂ ಹೇಳಿದರು. ಪರಿಹಾರ ಒಂದು ಸಾಲಿನದು: ಕೊನೆಯದರಿಂದ ಮೊದಲನೆಯದನ್ನು ಕಳೆದು, ಅರ್ಧಮಾಡಿ, ಮೊದಲನೆಯದಕ್ಕೆ ಕೂಡಿ. 20 ಕೋಟಿಯ ಅರ್ಧ 10. 150ಕ್ಕೆ 10 ಸೇರಿ 160 ಕೋಟಿ. ಗಣಿತದಲ್ಲಿ ಎರಡೂ ಒಂದೇ. ಸೀಮಿತವಾದ ಮನೆಯಲ್ಲಿ ಎರಡೂ ಒಂದಲ್ಲ. ತನ್ನ ತಪ್ಪನ್ನು ತಾನೇ ಡಂಗುರ ಹೊಯ್ಯುವ ಗುಣ ಪಂಡಿತರಲ್ಲಿ ಸುಲಭವಾಗಿ ಕಾಣತಕ್ಕದ್ದಲ್ಲವೆಂಬುದನ್ನು ನಮ್ಮ ವರ್ಗದವನಾಗಿ ನಾನು ಒಪ್ಪಿಕೊಳ್ಳಬೇಕು.

64 ಬಿಟ್‌ಗಳ ಮನೆ ಎಷ್ಟು ದೊಡ್ಡದು? ಋಣಕ್ಕೆ ಅರ್ಧ ಬಿಟ್ಟರೂ ಹತ್ತೊಂಬತ್ತು ಸ್ಥಾನಗಳ ಸಂಖ್ಯೆ ಹಿಡಿಸುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿದ್ದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿದ್ದಾನೆ. ಅವನ ಎಣಿಕೆಯಲ್ಲಿ ಹತ್ತೊಂಬತ್ತನೆಯದು ಶಂಖ. ಸುಮಾರು ಒಂಬತ್ತು ಶಂಖ ಬೈಟುಗಳ ಕಡತವನ್ನು ಈಗ ಎಣಿಸಬಹುದೆಂದಾಯಿತು. ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭಗಳು ಇನ್ನೂ ಆಚೆಗೇ ಉಳಿದಿವೆ.

ಈಗ ಧ್ವನಿಯ ವಿಷಯಕ್ಕೆ ಮರಳೋಣ. ವೇವ್ ಕಡತದ ತೊಡಕನ್ನು ಬಿಡಿಸಿದವರು ರೇಡಿಯೋದವರೇ ಎಂಬುದು ಈ ಪತ್ರಿಕೆಯ ವಾಚಕರಿಗೆ ಸಂತೋಷ ತರುವ ಸಂಗತಿ. 1950ರಲ್ಲಿ ಸ್ಥಾಪನೆಯಾದ ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಎಂಬುದು ಅಲ್ಲಿನ ಬಾನುಲಿ ಸಂಸ್ಥೆಗಳ ಒಕ್ಕೂಟ. 1997ರಲ್ಲಿ ಅದು ವೇವ್ ಮಾದರಿಗೆ ಪ್ರಸಾರಕ್ಕೆ ಬೇಕಾದ ವಿವರಗಳನ್ನು ಸೇರಿಸಿ ತನ್ನದೊಂದು ಮಾದರಿಯನ್ನು ಮಾಡಿಕೊಂಡಿತ್ತು. ಆದರೆ ಸುತ್ತಲಿನಿಂದಲೂ ಕೇಳುವ ಆರು ಸಾಲುಗಳ ಧ್ವನಿ ಬಂದಾಗ ಕಷ್ಟವಾಯಿತು. ಸೆಕೆಂಡಿಗೆ 48,000 ಅಳತೆ, ಒಂದೊಂದಕ್ಕೆ ಮೂರು ಬೈಟು, ಆರು ಸಾಲು ಎಂದರೆ ಸೆಕೆಂಡಿಗೆ 8,64,000 ಬೈಟು. ಒಂದು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಮನೆ ಭರ್ತಿ. ಒಂದು ಸಂಗೀತ ಕಚೇರಿಗೂ ಸಾಲದು!

ಅವರು ಮಾಡಿದ ಪರಿಹಾರದ ಹೆಸರು 'ಆರ್.ಎಫ್.64'. ನಾಲ್ಕು ಬೈಟಿನ ಹಳೆಯ ಮನೆಯನ್ನು ಕೆಡವಿದರೆ ಹಳೆಯ ಯಂತ್ರಗಳು ಕಂಗೆಡುತ್ತವೆ. ಆದ್ದರಿಂದ ಮನೆ ಇದ್ದಲ್ಲೇ ಇರಲಿ, ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯನ್ನು ಬರೆದರೆ 'ಇಲ್ಲಿ ನೋಡಬೇಡ, ನಿಜವಾದ ಗಾತ್ರ ಬೇರೆ ಕಡೆ ಇದೆ' ಎಂದು ಅರ್ಥ ಎಂದು ಗೊತ್ತುಮಾಡಿದರು. ಆ ಬೇರೆ ಕಡೆಯಲ್ಲಿ 64 ಬಿಟ್‌ಗಳ ಸಂಖ್ಯೆ ಇರುತ್ತದೆ. ಆದರೆ ಧ್ವನಿಮುದ್ರಣ ತೊಡಗುವಾಗ ಕಾರ್ಯಕ್ರಮ ಎಷ್ಟು ಉದ್ದವಾದೀತೆಂದು ಯಾರು ಬಲ್ಲರು? ಅದಕ್ಕೆ ಉಪಾಯ ಇನ್ನೂ ಸೊಗಸು. ಕಡತದ ಮೊದಲಲ್ಲೇ 'ಜಂಕ್', ಎಂದರೆ ಕಸ, ಎಂಬ ಹೆಸರಿನ ಸಣ್ಣ ಖಾಲಿ ಜಾಗವೊಂದನ್ನು ಬಿಟ್ಟು ಸಾಮಾನ್ಯ ವೇವ್ ಕಡತವನ್ನಾಗಿಯೇ ಮುದ್ರಿಸುತ್ತ ಹೋಗುವುದು. ಗಡಿಯೊಳಗೆ ಮುಗಿದರೆ ಹಾಗೆಯೇ ಬಿಡುವುದು. ಕಸವನ್ನು ಹಳೆಯ ಯಂತ್ರಗಳು ಲೆಕ್ಕಿಸುವುದಿಲ್ಲ. ಗಡಿ ದಾಟಿದರೆ, ಆ ಕಸದ ಜಾಗಕ್ಕೆ ನಿಜವಾದ ಗಾತ್ರವನ್ನು ಬರೆದು, ನೆತ್ತಿಯ ಹೆಸರನ್ನು ಬದಲಾಯಿಸುವುದು. ಬಂದದ್ದರಲ್ಲಿ ಒಂದು ಬೈಟನ್ನೂ ಸರಿಸಬೇಕಾಗಿಲ್ಲ. ಹಿಂದಿನ ಲಿಪಿಕಾರರು ಓಲೆಯ ಅಂಚಿನಲ್ಲಿ ಜಾಗ ಬಿಡುತ್ತಿದ್ದುದು ನೆನಪಾಗುತ್ತದೆ. 2015ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಇದೇ ತತ್ತ್ವದ ಮೇಲೆ 'ಬಿ.ಡಬ್ಲ್ಯು.64' ಎಂಬ ಮಾದರಿಯನ್ನು ಜಗತ್ತಿಗೆಲ್ಲ ಶಿಫಾರಸು ಮಾಡಿತು.

ಅದೇ 2015ರಲ್ಲಿ ಈ ಕಥೆಯ ಕರಾಳ ಮುಖವೂ ಕಾಣಿಸಿತು. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಹಾಡು, ಚಿತ್ರಗಳನ್ನು ನುಡಿಸುವ 'ಸ್ಟೇಜ್‌ಫ್ರೈಟ್' ಎಂಬ ಭಾಗವು ಕಡತದಲ್ಲಿ ಬರೆದ ಗಾತ್ರವನ್ನು ಪರೀಕ್ಷಿಸದೆ ಗುಣಿಸಿ ಕೂಡುತ್ತಿತ್ತು. ದುರುಳನೊಬ್ಬ ಬೇಕೆಂದೇ ಅಸಾಧ್ಯವಾದ ಸಂಖ್ಯೆಯನ್ನು ಬರೆದು ಕಳುಹಿಸಿದರೆ ಮೊತ್ತ ತುಳುಕಿ ಚಿಕ್ಕದಾಗುತ್ತದೆ. ಯಂತ್ರ ಚಿಕ್ಕ ಪಾತ್ರೆಯನ್ನಿಡುತ್ತದೆ. ಬರುವ ಸರಕು ದೊಡ್ಡದಾಗಿ ಪಕ್ಕದ ಸ್ಮೃತಿಯ ಮೇಲೆಲ್ಲ ಹರಿದು, ಯಂತ್ರವೇ ಪರರ ಕೈವಶವಾಗುವ ಅಪಾಯ. ಅನೇಕ ಕೋಟಿ ಫೋನುಗಳಿಗೆ ತಿದ್ದುಪಡಿ ಕಳುಹಿಸಬೇಕಾಯಿತು.

ಇನ್ನು ನಮ್ಮ ಬಯಲಾಟದ ಆಸಕ್ತರು. ಅವರು ಆ ಕಡತವನ್ನು ಹಾಳಾಯಿತೆಂದು ಅಳಿಸಿಬಿಡದಿದ್ದರೆ ಸಾಕು. ಮೊದಲು ಡಿಸ್ಕಿನಲ್ಲಿ ಕಡತದ ಗಾತ್ರವನ್ನು ನೋಡಲಿ; ಐನೂರು ಕೋಟಿ ಬೈಟು ಎಂದಿದ್ದರೆ ಸರಕು ಕ್ಷೇಮವಾಗಿದೆ. ಅದರ ಇನ್ನೊಂದು ಪ್ರತಿಯನ್ನು ಮಾಡಿಟ್ಟುಕೊಳ್ಳಲಿ. ಪ್ರತಿಯನ್ನಿಡುವ ಡಿಸ್ಕು ಫ್ಯಾಟ್32 ಆಗಿರಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆಮೇಲೆ, ಧ್ವನಿಯನ್ನು ತಿದ್ದುವ ತಂತ್ರಾಂಶಗಳಲ್ಲಿ ಕಡತವನ್ನು 'ಕಚ್ಚಾ' ರೂಪದಲ್ಲಿ ತೆರೆಯುವ ಸೌಕರ್ಯವಿರುತ್ತದೆ. ಎಂದರೆ ನೆತ್ತಿಯ ಬರಹವನ್ನು ನಂಬದೆ ಒಳಗಿನದನ್ನು ನೇರವಾಗಿ ಓದುವುದು. 44,100 ಅಳತೆ, 16 ಬಿಟ್, ಎರಡು ಸಾಲು ಎಂದು ನಾವೇ ಹೇಳಿಕೊಟ್ಟು ತೆರೆದರೆ, ಮೊದಲಿಗೆ ನೆತ್ತಿಯ ಬರಹವೇ ಸದ್ದಾಗಿ ಕ್ಷಣಕಾಲ ಚಟ್ಟೆಂದು ಕೇಳಿಸುತ್ತದೆ. ಮರುಕ್ಷಣ ಚೆಂಡೆ ಆರಂಭವಾಗುತ್ತದೆ. ಬೆಳಗಿನ ಮಂಗಳದವರೆಗೆ ಆಟ ಪೂರ್ತಿ ಇದೆ.